ಸಮೀಕರಣದ ಯಾವ ಭಾಗವನ್ನು ನಂಬಬೇಕು?

ಪ್ರೌಢಶಾಲೆಯ ಗಣಿತದಲ್ಲಿ ಈ ಬಗೆಯ ಲೆಕ್ಕವನ್ನು ಎಲ್ಲರೂ ಮಾಡಿರುತ್ತಾರೆ. ಒಂದು ಸೈಟಿನ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 180 ಚದರ ಮೀಟರ್, ಅಗಲ ಎಷ್ಟು? ವರ್ಗ ಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತವೆ: 12 ಮತ್ತು −15. ಸೈಟಿನ ಅಗಲ ಋಣಸಂಖ್ಯೆ ಆಗಲಾರದು ಎಂದು ಒಂದು ಸಾಲು ಬರೆದು ಎರಡನೆಯದನ್ನು ಹೊಡೆದುಹಾಕುತ್ತೇವೆ. ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಾರೆ. ಸಮೀಕರಣದ ದೃಷ್ಟಿಯಲ್ಲಿ ಮಾತ್ರ ಎರಡೂ ಉತ್ತರಗಳಿಗೆ ಸಮಾನ ಹಕ್ಕಿದೆ. ಒಂದನ್ನು ಬೇಡವೆಂದದ್ದು ಸೈಟು ಎಂದರೇನೆಂದು ಬಲ್ಲ ನಾವು.

ಪಾಲ್ ಡಿರಾಕ್ 1928ರಲ್ಲಿ ಎಲೆಕ್ಟ್ರಾನಿಗಾಗಿ ಬರೆದ ಸಮೀಕರಣದಲ್ಲಿ ಇದೇ ತೊಡಕು ಎದುರಾಯಿತು. ಸಾಪೇಕ್ಷತಾ ಸಿದ್ಧಾಂತದಲ್ಲಿ ಕಣದ ಶಕ್ತಿಯನ್ನು ಪಡೆಯಬೇಕಾದರೆ ವರ್ಗಮೂಲ ತೆಗೆಯಬೇಕು. ತೆಗೆದಾಗ ಧನ, ಋಣ ಎರಡೂ ಬರುತ್ತವೆ. ಅಲ್ಲಿಯವರೆಗೆ ಭೌತವಿಜ್ಞಾನಿಗಳು ಋಣಶಕ್ತಿಯನ್ನು ಸೈಟಿನ ಋಣ ಅಗಲದ ಹಾಗೆಯೇ ಹೊಡೆದುಹಾಕುತ್ತಿದ್ದರು. ಹಳೆಯ ಭೌತಶಾಸ್ತ್ರದಲ್ಲಿ ಅದಕ್ಕೆ ಅಡ್ಡಿಯೂ ಇರಲಿಲ್ಲ. ಅಲ್ಲಿ ಶಕ್ತಿ ಸ್ವಲ್ಪ ಸ್ವಲ್ಪವಾಗಿಯೇ ಬದಲಾಗಬೇಕು, ಹಾಗಾಗಿ ಧನಶಕ್ತಿಯ ಕಣವೊಂದು ನಡುವಿನ ಕಂದರ ದಾಟಿ ಆಚೆ ಹೋಗುವ ದಾರಿಯೇ ಇಲ್ಲ. ಕ್ವಾಂಟಮ್ ಜಗತ್ತಿನಲ್ಲಿ ಕಣ ಕಂದರವನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಋಣಶಕ್ತಿಯ ಸ್ಥಿತಿಗಳನ್ನು ಕಿತ್ತುಹಾಕಿದರೆ ಉಳಿದ ಲೆಕ್ಕವೂ ಕುಸಿಯುತ್ತದೆ.

ಡಿರಾಕ್ ಮೊದಲು ಮಾಡಿದ್ದು ಒಂದು ಬಗೆಯ ತೇಪೆ ಕೆಲಸ. ಋಣಶಕ್ತಿಯ ಸ್ಥಾನಗಳೆಲ್ಲ ಆಗಲೇ ಎಲೆಕ್ಟ್ರಾನುಗಳಿಂದ ತುಂಬಿಹೋಗಿವೆ, ಎಲ್ಲೋ ಒಂದು ಸ್ಥಾನ ಖಾಲಿಯಾದರೆ ಆ ತೂತು ನಮಗೆ ಧನವಿದ್ಯುತ್ತಿನ ಕಣದ ಹಾಗೆ ಕಾಣುತ್ತದೆ ಎಂದರು. ಆಗ ಗೊತ್ತಿದ್ದ ಧನ ಕಣ ಪ್ರೋಟಾನ್ ಒಂದೇ ಆದ್ದರಿಂದ, ಆ ತೂತೇ ಪ್ರೋಟಾನ್ ಇರಬೇಕೆಂದು 1930ರಲ್ಲಿ ಸೂಚಿಸಿದರು. ಪ್ರೋಟಾನಿನ ತೂಕ ಎಲೆಕ್ಟ್ರಾನಿನ 1836 ಪಟ್ಟು. ಸಮೀಕರಣವೋ ಎರಡರ ತೂಕವೂ ಒಂದೇ ಎನ್ನುತ್ತಿತ್ತು. ಹರ್ಮನ್ ವೈಲ್, ಓಪನ್‌ಹೈಮರ್ ಇಬ್ಬರೂ ಬೇರೆಬೇರೆ ದಾರಿಯಿಂದ ಈ ಗುರುತು ಸರಿಹೋಗದೆಂದು ತೋರಿಸಿದ ಮೇಲೆ, 1931ರಲ್ಲಿ ಡಿರಾಕ್ ಯಾರೂ ಕಂಡಿರದ ಹೊಸ ಕಣವಿದೆ ಎಂದು ಬರೆದರು. 1932ರ ಆಗಸ್ಟಿನಲ್ಲಿ ಕಾರ್ಲ್ ಆಂಡರ್ಸನ್ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಮೋಡಕೋಶದ ಚಿತ್ರದಲ್ಲಿ ಆ ಕಣ, ಅಂದರೆ ಪಾಸಿಟ್ರಾನ್, ಸಿಕ್ಕಿತು: 6 ಮಿಲಿಮೀಟರ್ ದಪ್ಪದ ಸೀಸದ ತಗಡನ್ನು ತೂರಿಹೋದ ಒಂದು ಗೆರೆ. ತಗಡಿನ ಒಂದು ಬದಿಯಲ್ಲಿ ಗೆರೆ ಹೆಚ್ಚು ಬಾಗಿದೆ, ಅಂದರೆ ಕಣ ಅಲ್ಲಿ ಶಕ್ತಿ ಕಳೆದುಕೊಂಡಿದೆ, ಅಂದರೆ ಅದು ಯಾವ ಕಡೆಯಿಂದ ಬಂತೆಂದು ಗೊತ್ತಾಯಿತು. ಬಂದ ದಿಕ್ಕು ತಿಳಿದ ಮೇಲೆ ಬಾಗಿದ ದಿಕ್ಕಿನಿಂದ ವಿದ್ಯುದಂಶ ಧನ ಎಂದು ಗೊತ್ತಾಯಿತು. ಆಂಡರ್ಸನ್ ಡಿರಾಕರ ಮಾತನ್ನು ಪರೀಕ್ಷಿಸಲು ಹೊರಟವರೇನೂ ಆಗಿರಲಿಲ್ಲ, ಕಾಸ್ಮಿಕ್ ಕಿರಣಗಳನ್ನು ಅಳೆಯುತ್ತಿದ್ದರು.

ಸಮೀಕರಣ ತನ್ನನ್ನು ಬರೆದವನಿಗಿಂತ ಜಾಣ ಎಂಬ ಮಾತು ಹುಟ್ಟಿಕೊಂಡದ್ದು ಇಂಥ ಕಥೆಗಳಿಂದ. ಜನಪ್ರಿಯ ವಿಜ್ಞಾನದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಇದೇ ತರ್ಕವನ್ನು ಪಕ್ಕದ ಅಧ್ಯಾಯಕ್ಕೆ ಹಚ್ಚಿ ನೋಡಿ. ಮ್ಯಾಕ್ಸ್‌ವೆಲ್ ಸಮೀಕರಣಗಳಿಗೂ ಎರಡು ಬಗೆಯ ಉತ್ತರಗಳಿವೆ. ಒಂದರಲ್ಲಿ ಆಂಟೆನಾ ಅಲುಗಿದ ಮೇಲೆ ರೇಡಿಯೊ ಅಲೆ ಹೊರಗೆ ಹರಡುತ್ತದೆ. ಇನ್ನೊಂದರಲ್ಲಿ ದೂರದಿಂದ ಅಲೆಗಳು ಒಟ್ಟಾಗಿ ಬಂದು, ಆಂಟೆನಾ ಅಲುಗುವ ಹೊತ್ತಿಗೆ ಸರಿಯಾಗಿ ಅದರ ಮೇಲೆ ಕೂಡಿಕೊಳ್ಳುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿ ಎರಡನೆಯದನ್ನು ಒಂದು ಸಾಲಿನಲ್ಲಿ ಕೈಬಿಡುತ್ತಾನೆ. ವೀಲರ್ ಮತ್ತು ಫೈನ್‌ಮನ್ 1945ರಲ್ಲಿ ಅದನ್ನೂ ಉಳಿಸಿಕೊಂಡು ಒಂದು ಸಿದ್ಧಾಂತ ಕಟ್ಟಿ ನೋಡಿದರು, ಅದು ಬೇರೂರಲಿಲ್ಲ. ಐನ್‌ಸ್ಟೈನ್ ಸಮೀಕರಣಗಳಿಗೆ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ 1916ರಲ್ಲಿ ಪ್ರಕಟಿಸಿದ ಉತ್ತರವನ್ನು ಪೂರ್ತಿ ವಿಸ್ತರಿಸಿದರೆ ಕಪ್ಪುಕುಳಿಯ ಜೊತೆಗೆ ಒಂದು ಬಿಳಿಕುಳಿಯೂ ಇನ್ನೊಂದು ಬ್ರಹ್ಮಾಂಡವೂ ಸಿಗುತ್ತವೆ. ಕಪ್ಪುಕುಳಿಯನ್ನು ಒಪ್ಪಿದ್ದೇವೆ. ಉಳಿದೆರಡನ್ನು, ನಕ್ಷತ್ರ ಕುಸಿದು ಹುಟ್ಟುವ ಕುಳಿಯಲ್ಲಿ ಅವಕ್ಕೆ ಜಾಗವಿಲ್ಲ ಎಂದು, ಬದಿಗಿಟ್ಟಿದ್ದೇವೆ.

ಹೀಗೆ ಒಂದೆಡೆ ಬೇಡದ ಉತ್ತರವೇ ನಿಜವಾಯಿತು, ಇನ್ನೊಂದೆಡೆ ಅಂಥದೇ ಉತ್ತರವನ್ನು ನಿತ್ಯ ಎಸೆಯುತ್ತೇವೆ, ಮೂರನೆಯ ಕಡೆ ಒಂದೇ ಉತ್ತರದ ಅರ್ಧವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ವಿಜ್ಞಾನದ ತತ್ತ್ವಶಾಸ್ತ್ರದಲ್ಲಿ ಈ ಚರ್ಚೆ ಬಹುಕಾಲ ಸಗಟಾಗಿಯೇ ನಡೆದಿದೆ. ಯಶಸ್ವಿಯಾದ ಸಿದ್ಧಾಂತ ನಿಜವೇ ಇರಬೇಕು, ಇಲ್ಲದಿದ್ದರೆ ಅದರ ಯಶಸ್ಸು ಪವಾಡವಾಗುತ್ತದೆ ಎನ್ನುವ ವಾಸ್ತವವಾದಿಗಳು ಒಂದು ಕಡೆ. ಯಶಸ್ವಿಯಾಗಿದ್ದೂ ಬಿದ್ದುಹೋದ ಸಿದ್ಧಾಂತಗಳ ಪಟ್ಟಿಯನ್ನು 1981ರಲ್ಲಿ ಮುಂದಿಟ್ಟ ಲ್ಯಾರಿ ಲೌಡನ್, ಕಣ್ಣಿಗೆ ಕಾಣುವುದನ್ನು ಸರಿಯಾಗಿ ಹೇಳಿದರೆ ಸಾಕು ಎಂದು 1980ರಲ್ಲಿ ವಾದಿಸಿದ ಬಾಸ್ ವಾನ್ ಫ್ರಾಸೆನ್ ಇನ್ನೊಂದು ಕಡೆ. ಎರಡು ಕಡೆಯವರೂ ಒಂದು ಸಿದ್ಧಾಂತವನ್ನು ಇಡಿಯಾಗಿ ಒಪ್ಪುವ ಅಥವಾ ಬಿಡುವ ಮಾತಾಡುತ್ತಾರೆ. ಭೌತವಿಜ್ಞಾನಿಗಳು ಕೆಲಸದಲ್ಲಿ ಹಾಗೆ ನಡೆದುಕೊಳ್ಳುವುದಿಲ್ಲ. ಅವರು ಒಂದೊಂದು ಪದವನ್ನು, ಒಂದೊಂದು ಉತ್ತರವನ್ನು ಬೇರೆಬೇರೆಯಾಗಿ ತೂಗುತ್ತಾರೆ. ನನ್ನ ಮಟ್ಟಿಗೆ ತತ್ತ್ವಶಾಸ್ತ್ರದ ನಿಜವಾದ ಕೆಲಸವಿರುವುದೂ ಆ ತೂಗುವಿಕೆಯಲ್ಲೇ. ಈ ಬರಹ ನೋಡಹೊರಟಿರುವುದು ಅಂಥ ಕೆಲವು ಪ್ರಸಂಗಗಳನ್ನು.

ಮ್ಯಾಕ್ಸ್‌ವೆಲ್ಲರದೇ ಇನ್ನೊಂದು ಪ್ರಸಂಗವಿದೆ. 1861–62ರ ಪ್ರಬಂಧಗಳಲ್ಲಿ ಅವರು ಆಕಾಶವನ್ನು ತಿರುಗುವ ಸುಳಿಗಳಿಂದ ತುಂಬಿದರು. ಅಕ್ಕಪಕ್ಕದ ಸುಳಿಗಳು ಒಂದನ್ನೊಂದು ಉಜ್ಜದಂತೆ ನಡುವೆ ಪುಟ್ಟ ಉರುಳೆಗಳನ್ನು ಜೋಡಿಸಿದರು. ಸುಳಿಗಳ ತಿರುಗುವಿಕೆ ಕಾಂತಕ್ಷೇತ್ರ, ಉರುಳೆಗಳ ಸಾಗುವಿಕೆ ವಿದ್ಯುತ್ ಪ್ರವಾಹ. ಆ ಸುಳಿಗಳಿಗೆ ಸ್ವಲ್ಪ ಸ್ಥಿತಿಸ್ಥಾಪಕತೆ ಇದೆಯೆಂದು ಭಾವಿಸಿದಾಗ ಸಮೀಕರಣದಲ್ಲಿ ಒಂದು ಹೆಚ್ಚುವರಿ ಪದ ಹುಟ್ಟಿತು, ಅದರಿಂದ ಅಲೆಗಳು ಹುಟ್ಟಿದವು, ಅಲೆಯ ವೇಗ ಲೆಕ್ಕ ಹಾಕಿದರೆ ಅದು ಬೆಳಕಿನ ವೇಗಕ್ಕೆ ಹೊಂದಿತು. ಹತ್ತೊಂಬತ್ತನೆಯ ಶತಮಾನದ ಅತಿ ದೊಡ್ಡ ಶೋಧಗಳಲ್ಲೊಂದು ಹೀಗೆ ಉರುಳೆಗಳ ನಡುವಿನಿಂದ ಬಂತು. 1865ರ ಪ್ರಬಂಧದ ಹೊತ್ತಿಗೆ ಮ್ಯಾಕ್ಸ್‌ವೆಲ್ ಸುಳಿ, ಉರುಳೆಗಳನ್ನೆಲ್ಲ ಕಳಚಿಟ್ಟು ಸಮೀಕರಣಗಳನ್ನು ಮಾತ್ರ ಉಳಿಸಿಕೊಂಡರು. 1880ರ ದಶಕದಲ್ಲಿ ಆಲಿವರ್ ಹೆವಿಸೈಡ್ ಅವನ್ನು ಈಗಿನ ನಾಲ್ಕಕ್ಕೆ ಇಳಿಸಿದರು. ಆ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹಿಡಿದ ಹೈನ್‌ರಿಶ್ ಹರ್ಟ್ಸ್, ಮ್ಯಾಕ್ಸ್‌ವೆಲ್ ಸಿದ್ಧಾಂತವೆಂದರೆ ಮ್ಯಾಕ್ಸ್‌ವೆಲ್ಲರ ಸಮೀಕರಣಗಳೇ ಎಂಬರ್ಥದಲ್ಲಿ ಬರೆದು ಮಾದರಿಯ ಋಣವನ್ನೂ ತೀರಿಸಿಬಿಟ್ಟರು.

ಇದಕ್ಕೂ ಹಿಂದೆ, 1820ರ ದಶಕದಲ್ಲಿ, ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಹಿಂದಿರುಗುತ್ತದೆ ಎಷ್ಟು ಒಳಹೋಗುತ್ತದೆ ಎಂದು ಹೇಳುವ ಸೂತ್ರಗಳನ್ನು ಫ್ರೆನೆಲ್ ಕೊಟ್ಟಿದ್ದರು. ಅವರಿಗೆ ಬೆಳಕೆಂದರೆ ಈಥರ್ ಎಂಬ ವಸ್ತುವಿನ ಕಂಪನ. ಈಥರ್ ಹೋಯಿತು, ಫ್ರೆನೆಲ್ ಸೂತ್ರಗಳು ಹಾಗೆಯೇ ಉಳಿದವು. ಇವತ್ತು ಕ್ಯಾಮೆರಾ ಲೆನ್ಸಿಗೆ ಲೇಪನ ಕೊಡುವವರೂ ಅವನ್ನೇ ಬಳಸುತ್ತಾರೆ. ಹೆನ್ರಿ ಪ್ವಾಂಕರೆ ಶತಮಾನದ ಹಿಂದೆ, ಜಾನ್ ವೊರಾಲ್ 1989ರಲ್ಲಿ ಇದನ್ನೇ ಒಂದು ವಾದವಾಗಿ ಬೆಳೆಸಿದರು: ವಸ್ತುಗಳ ಬಗ್ಗೆ ನಾವು ಹೇಳುವುದು ಬದಲಾಗುತ್ತದೆ, ವಸ್ತುಗಳ ನಡುವಿನ ಸಂಬಂಧಗಳು ಉಳಿಯುತ್ತವೆ, ಹಾಗಾಗಿ ನಂಬಬೇಕಾದ್ದು ಸಂಬಂಧಗಳ ರಚನೆಯನ್ನು. ವಾದ ಸೊಗಸಾಗಿದೆ, ಆದರೆ ಅದಕ್ಕೊಂದು ಅನುಕೂಲಸಿಂಧು ಗುಣವೂ ಇದೆ. ಯಾವುದು ಉಳಿಯಿತು ಎಂದು ಗೊತ್ತಾಗುವುದು ಕ್ರಾಂತಿ ಮುಗಿದ ಮೇಲೆ. 1825ರಲ್ಲಿ ಕುಳಿತ ಫ್ರೆನೆಲ್‌ಗೆ ಈಥರ್ ಬಿಡಬಹುದಾದ ಪದಾರ್ಥ, ಸೂತ್ರ ಮಾತ್ರ ಉಳಿಯುವಂಥದ್ದು ಎಂದು ಯಾರು ಹೇಳಿಕೊಡಬೇಕಿತ್ತು?

ಇಲ್ಲಿಯವರೆಗೆ ನೋಡಿದ ಮಾದರಿಗಳೆಲ್ಲ, ಕಟ್ಟಿದವರು ನಿಜವಿರಬಹುದೆಂದು ಕೊಂಚವಾದರೂ ನಂಬಿ ಕಟ್ಟಿದಂಥವು. ಸುಳ್ಳೆಂದು ಗೊತ್ತಿದ್ದೂ ಕಟ್ಟುವ ಮಾದರಿಗಳು ಬೇರೆಯೇ ಇವೆ, ತಾತ್ತ್ವಿಕವಾಗಿ ಹೆಚ್ಚು ರುಚಿಕರವಾದವು ಅವೇ. ವಿಲ್‌ಹೆಲ್ಮ್ ಲೆನ್ಟ್ಸ್ 1920ರಲ್ಲಿ ಸೂಚಿಸಿದ ಅಂಥ ಒಂದು ಮಾದರಿಯನ್ನು ಮುಂದೆ ಹ್ಯಾಂಬರ್ಗಿನಲ್ಲಿ ತಮ್ಮ ವಿದ್ಯಾರ್ಥಿ ಅರ್ನ್‌ಸ್ಟ್ ಈಸಿಂಗ್‌ಗೆ ಕೊಟ್ಟರು. ಅಯಸ್ಕಾಂತವೆಂದರೆ ಪುಟ್ಟ ಬಾಣಗಳ ಸಾಲು ಎಂದುಕೊಳ್ಳಿ. ಪ್ರತಿ ಬಾಣ ಮೇಲಕ್ಕೋ ಕೆಳಕ್ಕೋ ಮುಖ ಮಾಡಬಹುದು, ಬೇರೆ ದಿಕ್ಕಿಲ್ಲ. ಪ್ರತಿಯೊಂದಕ್ಕೂ ಪಕ್ಕದ ಬಾಣದ ಹಾಗೆ ನಿಲ್ಲುವ ಆಸೆ, ಬಿಸಿ ಹೆಚ್ಚಿದಷ್ಟೂ ಆ ಆಸೆ ಕದಡುತ್ತದೆ. ಇಷ್ಟೇ. ನಿಜವಾದ ಕಬ್ಬಿಣದ ತುಂಡಿನಲ್ಲಿ ಹೀಗೆ ನಡೆಯುವುದಿಲ್ಲ ಎಂದು ಯಾವ ಭೌತವಿಜ್ಞಾನಿಯಾದರೂ ಹೇಳಬಲ್ಲ. ಈಸಿಂಗ್ ಒಂದೇ ಸಾಲಿನ ಬಾಣಗಳ ಲೆಕ್ಕವನ್ನು ಪೂರ್ತಿ ಬಿಡಿಸಿ 1925ರಲ್ಲಿ ಪ್ರಕಟಿಸಿದರು: ಎಷ್ಟು ತಣ್ಣಗಾದರೂ ಸಾಲು ಅಯಸ್ಕಾಂತವಾಗುವುದಿಲ್ಲ. ಮೂರು ಆಯಾಮದಲ್ಲೂ ಹೀಗೇ ಎಂದುಕೊಂಡರು. ಆ ಊಹೆ ತಪ್ಪಿತ್ತು. ಹಾಳೆಯ ಮೇಲೆ ಹರಡಿದ ಬಾಣಗಳು ನಿರ್ದಿಷ್ಟ ತಾಪದ ಕೆಳಗೆ ಒಂದೇ ದಿಕ್ಕಿಗೆ ತಿರುಗುತ್ತವೆಂದು ಪೈರ್ಲ್ಸ್ 1936ರಲ್ಲಿ ತೋರಿಸಿದರು, 1944ರಲ್ಲಿ ಲಾರ್ಸ್ ಓನ್ಸಾಗರ್ ಆ ಲೆಕ್ಕವನ್ನು ಕರಾರುವಾಕ್ಕಾಗಿ ಬಿಡಿಸಿದರು.

ಮರುವರ್ಷ, 1945ರಲ್ಲಿ, ಅಯಸ್ಕಾಂತಕ್ಕೆ ಸಂಬಂಧವೇ ಇಲ್ಲದ ಕಡೆ ಒಂದು ನಕ್ಷೆ ಪ್ರಕಟವಾಯಿತು. ಗುಗೆನ್‌ಹೈಮ್ ಎಂಬ ರಸಾಯನ ವಿಜ್ಞಾನಿ ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ಸಾರಜನಕ, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಈ ಎಂಟು ವಸ್ತುಗಳ ದ್ರವ ಮತ್ತು ಅನಿಲ ಸ್ಥಿತಿಯ ಸಾಂದ್ರತೆಗಳನ್ನು ತೆಗೆದುಕೊಂಡರು. ಒಂದೊಂದು ವಸ್ತುವಿಗೂ ಒಂದು ಕ್ರಿಟಿಕಲ್ ತಾಪವಿದೆ, ಅದನ್ನು ದಾಟಿದರೆ ದ್ರವ ಯಾವುದು ಅನಿಲ ಯಾವುದು ಎಂಬ ಭೇದವೇ ಅಳಿಯುತ್ತದೆ. ಆಯಾ ವಸ್ತುವಿನ ಕ್ರಿಟಿಕಲ್ ತಾಪ, ಸಾಂದ್ರತೆಗಳನ್ನೇ ಅಳತೆಗೋಲಾಗಿಸಿ ಚುಕ್ಕೆಗಳನ್ನು ಇಟ್ಟಾಗ ಎಂಟೂ ವಸ್ತುಗಳ ಚುಕ್ಕೆಗಳು ಒಂದೇ ಗೆರೆಯ ಮೇಲೆ ಕುಳಿತವು. ದ್ರವ ಮತ್ತು ಅನಿಲದ ಸಾಂದ್ರತೆಗಳ ವ್ಯತ್ಯಾಸ ಎಷ್ಟು ಬೇಗ ಸೊನ್ನೆಗೆ ಇಳಿಯುತ್ತದೆಂದು ಹೇಳುವ ಘಾತಸಂಖ್ಯೆ ಸುಮಾರು ಮೂರರಲ್ಲೊಂದು. ಮೂರು ಆಯಾಮದ ಈಸಿಂಗ್ ಮಾದರಿಯಲ್ಲಿ ಅಯಸ್ಕಾಂತೀಯತೆ ಸೊನ್ನೆಗೆ ಇಳಿಯುವ ಘಾತಸಂಖ್ಯೆ 0.326ರ ಆಸುಪಾಸು. ಮೇಲೆ ಕೆಳಗೆ ಮಾತ್ರ ಬಲ್ಲ ಬಾಣಗಳು ಮೀಥೇನಿನ ಬಗ್ಗೆ ಸರಿಯಾದ ಸಂಖ್ಯೆ ಹೇಳುತ್ತಿವೆ!

ಹೇಗೆ ಎಂಬುದಕ್ಕೆ ಕಡನಾಫ್ 1966ರಲ್ಲಿ ದಾರಿ ತೋರಿಸಿದರು, ಕೆನೆತ್ ವಿಲ್ಸನ್ 1971ರಲ್ಲಿ ಪೂರ್ಣ ಉತ್ತರ ಕೊಟ್ಟರು. ವಿಲ್ಸನ್‌ಗೆ 1982ರ ನೊಬೆಲ್ ಬಂತು. ಕ್ರಿಟಿಕಲ್ ಬಿಂದುವಿನ ಹತ್ತಿರ ಸಣ್ಣ ಪ್ರದೇಶಗಳ ಏರಿಳಿತ ದೊಡ್ಡ ಪ್ರದೇಶಗಳಲ್ಲಿಯೂ ಅದೇ ರೂಪದಲ್ಲಿ ಮರುಕಳಿಸುತ್ತದೆ. ಸಣ್ಣ ವಿವರಗಳನ್ನು ಸರಾಸರಿಯಲ್ಲಿ ಕರಗಿಸುತ್ತ ದೊಡ್ಡ ಅಳತೆಗೆ ಏರುತ್ತ ಹೋದರೆ, ಅಣುವಿನ ಆಕಾರ, ಬಲದ ನಿಖರ ಸ್ವರೂಪ ಎಲ್ಲ ಅಳಿಸಿಹೋಗಿ ಕೊನೆಗೆ ಮುಖ್ಯವಾಗಿ ಎರಡು ಸಂಗತಿಗಳು ಉಳಿಯುತ್ತವೆ: ಎಷ್ಟು ಆಯಾಮ, ಯಾವ ಸಮ್ಮಿತಿ. ಮೀಥೇನ್ ಮತ್ತು ಬಾಣಗಳು ಈ ಎರಡರಲ್ಲಿ ಒಂದೇ. ಮಾದರಿ ಸುಳ್ಳಾಗಿದ್ದೂ ಸರಿ ಬಂದದ್ದು ಅದೃಷ್ಟದಿಂದಲ್ಲ. ಅದರ ಯಾವ ಸುಳ್ಳು ಲೆಕ್ಕಕ್ಕೆ ಬರುವುದಿಲ್ಲ ಎಂದು ಸಿದ್ಧಾಂತವೇ ಪಟ್ಟಿ ಕೊಡುತ್ತದೆ. ಭೌತಶಾಸ್ತ್ರದ ಮಾದರಿಗಳ ಬಗ್ಗೆ ಇದಕ್ಕಿಂತ ಒಳ್ಳೆಯ ತಾತ್ತ್ವಿಕ ಪಾಠ ನನಗೆ ತಿಳಿದಂತೆ ಇನ್ನೊಂದಿಲ್ಲ. ಭೌತಶಾಸ್ತ್ರದ ನಿಯಮಗಳು ಸುಳ್ಳು ಹೇಳುತ್ತವೆ ಎಂದು 1983ರಲ್ಲಿ ಪುಸ್ತಕ ಬರೆದ ನ್ಯಾನ್ಸಿ ಕಾರ್ಟ್‌ರೈಟ್ ಎತ್ತಿದ ಪ್ರಶ್ನೆಗೆ ಕನಿಷ್ಠ ಈ ಒಂದು ಮೂಲೆಯಲ್ಲಿ ಭೌತಶಾಸ್ತ್ರವೇ ಉತ್ತರಿಸಿದೆ.

ಆದರೂ ಒಂದು ಮುಳ್ಳು ಉಳಿಯಿತು. ಎಣಿಕೆಗೆ ಸಿಗುವಷ್ಟು ಬಾಣಗಳಿದ್ದರೆ ಈಸಿಂಗ್ ಲೆಕ್ಕದಲ್ಲಿ ಥಟ್ಟನೆ ಬದಲಾಗುವ ಬಿಂದು ಬರುವುದೇ ಇಲ್ಲ. ನುಣುಪಾದ ಫಲನಗಳನ್ನು ಎಷ್ಟು ಕೂಡಿದರೂ ನುಣುಪೇ. ಬಾಣಗಳು ಅನಂತವೆಂದು ಭಾವಿಸಿದಾಗ ಮಾತ್ರ ಗೆರೆ ಮುರಿಯುತ್ತದೆ. ಒಲೆಯ ಮೇಲಿನ ಒಂದು ಲೀಟರ್ ನೀರಿನಲ್ಲಿರುವ ಅಣುಗಳು 3ರ ಮುಂದೆ 25 ಸೊನ್ನೆಯಷ್ಟು. ಅಪಾರ, ಆದರೆ ಅನಂತವಲ್ಲ. ಹಾಗಾದರೆ ಗಣಿತದ ಕಟ್ಟುನಿಟ್ಟಿನಲ್ಲಿ ನೀರು ಕುದಿಯುವುದೇ ಇಲ್ಲವೇ? ಈ ಅನಂತವನ್ನು ತೆಗೆದರೆ ವಿವರಣೆಯೇ ಇಲ್ಲ ಎನ್ನುವುದು ರಾಬರ್ಟ್ ಬ್ಯಾಟರ್‌ಮನ್ ಪಕ್ಷ; ಅಷ್ಟು ದೊಡ್ಡ ಸಂಖ್ಯೆಯಲ್ಲಿ ಗೆರೆ ಎಷ್ಟು ಕಡಿದಾಗಿ ಬಾಗುತ್ತದೆಂದರೆ ಮುರಿದದ್ದಕ್ಕೂ ಅದಕ್ಕೂ ವ್ಯತ್ಯಾಸ ಅಳೆಯಲಾಗದು, ಅನಂತ ಬರೀ ಅನುಕೂಲ ಎನ್ನುವುದು ಜೆರೆಮಿ ಬಟರ್‌ಫೀಲ್ಡ್ ಪಕ್ಷ. ನಾನು ಎರಡನೆಯವರ ಕಡೆ.

ಅನಂತ ಇನ್ನೊಂದು ಕಡೆ ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತ. ಅದರ ಬಲ ಡಿರಾಕ್ ಸಮೀಕರಣ ಹೇಳಿದ್ದಕ್ಕಿಂತ ಸುಮಾರು 0.00116 ಪಾಲು ಹೆಚ್ಚು ಎಂದು ಜೂಲಿಯನ್ ಶ್ವಿಂಗರ್ 1948ರಲ್ಲಿ ಲೆಕ್ಕ ಹಾಕಿದರು. ಆಮೇಲೆ ಈ ಸಂಖ್ಯೆಯನ್ನು ಸಿದ್ಧಾಂತದವರೂ ಪ್ರಯೋಗದವರೂ ಪೈಪೋಟಿಯಲ್ಲಿ ನಿಖರಗೊಳಿಸುತ್ತ ಬಂದಿದ್ದಾರೆ. ಟೊಯಿಚಿರೊ ಕಿನೋಷಿತಾ ಮತ್ತು ಸಂಗಡಿಗರು ಒಂದು ಹಂತಕ್ಕಾಗಿಯೇ 12,672 ಫೈನ್‌ಮನ್ ಚಿತ್ರಗಳ ಬೆಲೆ ಕಟ್ಟಿದರು. ಮಾಪನ ಮತ್ತು ಲೆಕ್ಕ ಹೊಂದುವ ಪ್ರಮಾಣ ಲಕ್ಷ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು. ವಿಜ್ಞಾನದಲ್ಲಿ ಇಂಥ ನಿಖರತೆ ಬೇರೆಲ್ಲೂ ಸಿಗುವುದು ಕಷ್ಟ. ಈ ಲೆಕ್ಕ ಒಂದು ಅನಂತ ಶ್ರೇಣಿ: ಮೊದಲ ಪದ ದೊಡ್ಡದು, ಮುಂದಿನದು ಚಿಕ್ಕದು, ಅದರ ಮುಂದಿನದು ಇನ್ನೂ ಚಿಕ್ಕದು. ಆದರೆ ಈ ಶ್ರೇಣಿ ಒಂದು ಮೊತ್ತಕ್ಕೆ ಕೂಡುತ್ತದೆಯೇ ಎಂಬ ಬಗ್ಗೆ ಫ್ರೀಮನ್ ಡೈಸನ್ 1952ರಲ್ಲಿ ಪುಟ್ಟ ವಾದವೊಂದನ್ನು ಮುಂದಿಟ್ಟರು. ಸಜಾತಿ ವಿದ್ಯುದಂಶಗಳು ವಿಕರ್ಷಿಸುವ ಬದಲು ಆಕರ್ಷಿಸುವ ಜಗತ್ತನ್ನು ಊಹಿಸಿಕೊಳ್ಳಿ. ಅಲ್ಲಿ ಶೂನ್ಯವೇ ನಿಲ್ಲುವುದಿಲ್ಲ. ಕಣಗಳ ಜೋಡಿಗಳು ಹುಟ್ಟಿ, ಎಲೆಕ್ಟ್ರಾನುಗಳೆಲ್ಲ ಒಂದೆಡೆ ಪಾಸಿಟ್ರಾನುಗಳೆಲ್ಲ ಒಂದೆಡೆ ಗುಂಪುಗೂಡಿ ಶೂನ್ಯ ಸಿಡಿಯುತ್ತದೆ. ಆದರೆ ಶ್ರೇಣಿ ನಮ್ಮ ಜಗತ್ತಿನಲ್ಲಿ ನಿಜವಾಗಿ ಒಂದು ಮೊತ್ತಕ್ಕೆ ಕೂಡುವುದಾದರೆ, ತೀರಾ ಚಿಕ್ಕ ವಿದ್ಯುದಂಶದ ಮಟ್ಟಿಗಾದರೂ ಆ ಊಹೆಯ ಜಗತ್ತಿನಲ್ಲೂ ಕೂಡಬೇಕು. ಆದ್ದರಿಂದ ಅದು ಎಲ್ಲಿಯೂ ಕೂಡುವುದಿಲ್ಲ. ನೂರಾರು ಪದಗಳ ಆಚೆ ಎಲ್ಲೋ ಪದಗಳು ಮತ್ತೆ ಬೆಳೆಯತೊಡಗುತ್ತವೆ.

ಅಂದರೆ ಮನುಷ್ಯ ಬರೆದ ಅತ್ಯಂತ ನಿಖರ ಸಿದ್ಧಾಂತಕ್ಕೆ ಕಟ್ಟುನಿಟ್ಟಾದ ಉತ್ತರವೇ ಇಲ್ಲ, ಮೊದಲ ಕೆಲವು ಪದಗಳಿವೆ ಅಷ್ಟೆ. ಲೆಕ್ಕದ ನಡುವೆ ಬರುವ ಅನಂತಗಳನ್ನು ರೀನಾರ್ಮಲೈಸೇಷನ್ ಎಂಬ ವಿಧಾನದಿಂದ ಕಳೆಯುವುದನ್ನು ಡಿರಾಕ್ 1984ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ಈಗಿನವರು ವಿಲ್ಸನ್ ತೋರಿಸಿದ ದಾರಿಯಲ್ಲಿ ಸಮಾಧಾನ ಕಂಡುಕೊಂಡಿದ್ದಾರೆ: ಈ ಸಿದ್ಧಾಂತ ಒಂದು ಶಕ್ತಿಮಟ್ಟದವರೆಗೆ ಮಾತ್ರ ಸಲ್ಲುವಂಥದ್ದು, ಅದರಾಚೆ ಬೇರೆ ಏನೋ ಇದೆ, ಆ ಬೇರೆಯದರ ವಿವರ ಇಲ್ಲಿಗೆ ತಾಗುವುದಿಲ್ಲ. ಬಾಣಗಳ ಕಥೆಯೇ ಇಲ್ಲಿ ಎಲೆಕ್ಟ್ರಾನಿನ ಕಥೆಯಾಯಿತು. ಇಷ್ಟಕ್ಕೂ ಇದು ಸೋಲಿನ ಸಮಾಧಾನವೇನಲ್ಲ. ತನ್ನ ಗಡಿ ಎಲ್ಲಿದೆಯೆಂದು ತಾನೇ ಹೇಳುವ ಸಿದ್ಧಾಂತ, ಹೇಳದಿರುವ ಸಿದ್ಧಾಂತಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಕ್ವಾಂಟಮ್ ಸಿದ್ಧಾಂತದ ಅರ್ಥದ ಬಗ್ಗೆ ಕನ್ನಡದಲ್ಲಿಯೂ ಸಾಕಷ್ಟು ಬರಹ ಬಂದಿರುವುದರಿಂದ ಇಲ್ಲಿ ಒಂದೇ ಸಂಗತಿ. ಶ್ರೋಡಿಂಗರ್ 1926ರಲ್ಲಿ ತಮ್ಮ ಸಮೀಕರಣದ ಅಲೆಯನ್ನು ನಿಜವಾದ ಅಲೆಯೆಂದೇ ಭಾವಿಸಿದ್ದರು. ಒಂದು ಎಲೆಕ್ಟ್ರಾನಿನ ಮಟ್ಟಿಗೆ ಅದು ನಡೆದೀತು. ಎರಡು ಎಲೆಕ್ಟ್ರಾನಿದ್ದರೆ ಸಮೀಕರಣದ ಅಲೆ ಆರು ಆಯಾಮದ ಆಕಾಶದಲ್ಲಿ ಹರಿಯುತ್ತದೆ, ಮೂರಿದ್ದರೆ ಒಂಬತ್ತು. ಅಂಥ ಆಕಾಶ ಎಲ್ಲಿದೆ? ಹಿರಿಯರಾದ ಲೊರೆಂಟ್ಸ್ ಆ ವರ್ಷವೇ ಪತ್ರ ಬರೆದು ಈ ಆಕ್ಷೇಪ ಎತ್ತಿದ್ದರು. ಅದೇ ವರ್ಷ ಮ್ಯಾಕ್ಸ್ ಬಾರ್ನ್ ಆ ಅಲೆಯ ವರ್ಗವೆಂದರೆ ಕಣ ಸಿಗುವ ಸಂಭವನೀಯತೆ ಎಂದರು. ವರ್ಗ ಎಂಬ ತಿದ್ದುಪಡಿ ಪ್ರಬಂಧದ ಅಡಿಟಿಪ್ಪಣಿಯಲ್ಲಿತ್ತು. ಡೇವಿಡ್ ಬೋಮ್ 1952ರಲ್ಲಿ, ಹ್ಯೂ ಎವರೆಟ್ 1957ರಲ್ಲಿ ಅದೇ ಸಮೀಕರಣಕ್ಕೆ ಒಂದಕ್ಕೊಂದು ಹೊಂದದ ಎರಡು ಜಗತ್ತುಗಳನ್ನು ಜೋಡಿಸಿದರು. ಇವೆಲ್ಲ ಬರೀ ಅಭಿರುಚಿಯ ಪ್ರಶ್ನೆ ಎನ್ನುವವರಿಗೆ ಜಾನ್ ಬೆಲ್ ಅವರ 1964ರ ಪ್ರಮೇಯವೇ ಉತ್ತರ. ಅರ್ಥದ ಬಗೆಗಿನ ಜಗಳದಿಂದಲೇ ಅಳೆಯಬಹುದಾದ ಒಂದು ಅಸಮಾನತೆ ಹೊರಬಂತು, ಅದನ್ನು ಅಳೆದ ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಮೂವರು 2022ರ ನೊಬೆಲ್ ಹಂಚಿಕೊಂಡರು.

ಸಮೀಕರಣ, ಮಾದರಿ, ವೀಕ್ಷಣೆ ಮೂರೂ ಒಂದಕ್ಕೊಂದು ಹೆಣೆದುಕೊಂಡ ಪ್ರಸಂಗವೊಂದನ್ನು ತುಸು ವಿವರವಾಗಿ ನೋಡಬೇಕು, ಅದಕ್ಕೆ ನಮ್ಮೂರಿನ ನಂಟೂ ಇದೆ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿ, ಮುಂದೆ ಇಲ್ಲಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ.ವಿ. ವಿಶ್ವೇಶ್ವರ ಅಮೆರಿಕದ ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಸಂಶೋಧನೆ ಮಾಡಿದವರು. ಕಪ್ಪುಕುಳಿ ಎಂಬ ಹೆಸರೇ ಹೊಸದಾಗಿದ್ದ ಕಾಲ. ಸಮೀಕರಣದ ಈ ಉತ್ತರಕ್ಕೆ ಜಗತ್ತಿನಲ್ಲಿ ಜೋಡಿ ಇದೆಯೇ ಎಂಬುದು ತೀರ್ಮಾನವಾಗಿರಲಿಲ್ಲ. ವಿಶ್ವೇಶ್ವರ ಮೊದಲು ಕೇಳಿದ್ದು, ಈ ಕುಳಿಯನ್ನು ಕೊಂಚ ಅಲುಗಿಸಿದರೆ ಅದು ಉಳಿಯುತ್ತದೆಯೇ ಒಡೆಯುತ್ತದೆಯೇ ಎಂದು. ಉಳಿಯುತ್ತದೆ ಎಂದು ಬಂತು. ಎರಡನೆಯ ಪ್ರಶ್ನೆ: ಕಾಣದ ಈ ವಸ್ತು ಇದೆಯೆಂದು ಕಂಡುಕೊಳ್ಳುವುದು ಹೇಗೆ? ಕಂಪ್ಯೂಟರಿನಲ್ಲಿ ಗುರುತ್ವ ಅಲೆಯ ಪುಟ್ಟ ಕಂತೆಗಳನ್ನು ಕುಳಿಯತ್ತ ಎಸೆದು ಏನು ಹಿಂದಿರುಗುತ್ತದೆ ಎಂದು ನೋಡಿದರು. ಅಗಲವಾದ ಕಂತೆಗಳು ಹೇಳಿಕೊಳ್ಳುವಂಥ ಯಾವ ಗುರುತನ್ನೂ ಹೊತ್ತು ತರಲಿಲ್ಲ. ಕುಳಿಯ ಗಾತ್ರಕ್ಕೆ ಸಮನಾಗುವಷ್ಟು ಕಿರಿದಾಗಿಸಿದಾಗ, ಹಿಂದಿರುಗಿದ ಅಲೆಯ ಬಾಲದಲ್ಲಿ ಒಂದು ಮಿಡಿತ ಕಂಡಿತು: ನಿರ್ದಿಷ್ಟ ಸ್ವರದಲ್ಲಿ ಮೊಳಗಿ ಬೇಗನೆ ಅಡಗುವ ಕಂಪನ. ಎಸೆದ ಕಂತೆ ಯಾವುದೇ ಇರಲಿ, ಸ್ವರ ಒಂದೇ. ತಿರುಗದ ಕುಳಿಯಲ್ಲಿ ಅದು ಕುಳಿಯ ತೂಕವನ್ನು ಮಾತ್ರ ಅವಲಂಬಿಸುತ್ತದೆ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಹಿಡಿಯಲು ಕಟ್ಟಿದ ಅಮೆರಿಕದ ಎರಡು ಲೈಗೊ ಯಂತ್ರಗಳು ಆ ಕಂಪನವನ್ನು ಒಳಗೊಂಡ ಸಂಕೇತವನ್ನು ಹಿಡಿದವು. ಸೂರ್ಯನ 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದಾದವು, ಮೂರು ಸೂರ್ಯರಷ್ಟು ದ್ರವ್ಯ ಅಲೆಗಳಾಗಿ ಹೋಯಿತು. ಯಂತ್ರಗಳ ನಾಲ್ಕು ಕಿಲೋಮೀಟರ್ ತೋಳಿನ ಉದ್ದ ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಅಲುಗಿತು. ಸಂಕೇತ ಇದ್ದದ್ದು 0.2 ಸೆಕೆಂಡು. ಅದರಲ್ಲಿ ಮೂರು ಭಾಗಗಳಿವೆ. ಕುಳಿಗಳು ಸುತ್ತುತ್ತ ಹತ್ತಿರವಾಗುವ ಮೊದಲ ಭಾಗಕ್ಕೆ ಬೇಕಾದ ದೀರ್ಘ ಲೆಕ್ಕದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್ 1990ರ ದಶಕದಿಂದ ಫ್ರೆಂಚ್ ಮತ್ತು ಅಮೆರಿಕನ್ ಸಹೋದ್ಯೋಗಿಗಳೊಡನೆ ದುಡಿದಿದ್ದರು. ಡಿಕ್ಕಿಯ ನಡುಭಾಗಕ್ಕೆ ಫ್ರಾನ್ಸ್ ಪ್ರೆಟೋರಿಯಸ್ 2005ರಲ್ಲಿ ಮೊದಲ ಸಫಲ ಕಂಪ್ಯೂಟರ್ ಲೆಕ್ಕ ಕೊಟ್ಟರು. ಕೊನೆಯ ಭಾಗ ವಿಶ್ವೇಶ್ವರರ ಅಡಗುವ ಸ್ವರ. 2016ರ ಫೆಬ್ರುವರಿಯಲ್ಲಿ ಶೋಧ ಘೋಷಣೆಯಾದಾಗ ಅವರು ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.

ತತ್ತ್ವಶಾಸ್ತ್ರದ ತಕರಾರು ಇಲ್ಲಿದೆ. ಯಂತ್ರದ ಗದ್ದಲದಲ್ಲಿ ಸಂಕೇತವನ್ನು ಹುಡುಕುವ ಮುಖ್ಯ ವಿಧಾನವೆಂದರೆ, ಐನ್‌ಸ್ಟೈನ್ ಸಮೀಕರಣದಿಂದಲೇ ಮುಂಚಿತವಾಗಿ ಲೆಕ್ಕ ಹಾಕಿದ ಸುಮಾರು 2.5 ಲಕ್ಷ ಅಲೆರೂಪಗಳ ಅಚ್ಚುಗಳನ್ನು ದತ್ತಾಂಶದ ಮೇಲೆ ಇಟ್ಟು ಯಾವುದು ಕೂರುತ್ತದೆಂದು ನೋಡುವುದು. ಸಮೀಕರಣದಿಂದ ಮಾಡಿದ ಅಚ್ಚಿಗೆ ಹೊಂದುವುದನ್ನು ಮಾತ್ರ ಹುಡುಕಿ, ಸಿಕ್ಕದ್ದನ್ನು ತೋರಿಸಿ ಸಮೀಕರಣ ಸಾಬೀತಾಯಿತು ಎಂದರೆ ಅದು ಸುತ್ತುವಾದವಲ್ಲವೇ? ಈ ಬಾರಿಯ ಮಟ್ಟಿಗೆ ಉತ್ತರ ಸರಳ: ಆ ಮೊದಲ ಸಂಕೇತವನ್ನು ಮೊದಲು ಗುರುತಿಸಿದ್ದು ಅಚ್ಚುಗಳನ್ನು ಬಳಸದ ಬೇರೊಂದು ಹುಡುಕಾಟ. ಎರಡು ಯಂತ್ರಗಳಲ್ಲೂ ಒಟ್ಟಿಗೆ ಶಕ್ತಿ ಹೆಚ್ಚಿದೆಯೇ ಎಂದಷ್ಟೇ ನೋಡುವ ಆ ಪ್ರೋಗ್ರಾಮು ಮೂರು ನಿಮಿಷದೊಳಗೆ ಸೂಚನೆ ಕೊಟ್ಟಿತ್ತು. ಅಚ್ಚನ್ನು ಕಳೆದ ಮೇಲೆ ದತ್ತಾಂಶದಲ್ಲಿ ಉಳಿದದ್ದು ಬರೀ ಗದ್ದಲ. ಆದರೆ 36, 29, 62 ಎಂಬ ಅಂಕಿಗಳು ಅಚ್ಚುಗಳ ಮೂಲಕ ಬಂದವೇ, ಬೇರೆ ದಾರಿಯೇ ಇಲ್ಲ. ಸಮೀಕರಣಕ್ಕೆ ಸ್ವಲ್ಪ ಮಾತ್ರ ಹೊಂದದ, ದುರ್ಬಲವಾದ ಸಂಕೇತವೊಂದು ಬಂದರೆ ಈ ಜರಡಿಯಲ್ಲಿ ಅದು ಕೆಳಗೆ ಬಿದ್ದುಹೋಗುವ ಸಾಧ್ಯತೆ ಇದ್ದೇ ಇದೆ. 2025ರ ಜನವರಿಯಲ್ಲಿ ಸಿಕ್ಕ ಇನ್ನೂ ಸ್ಪಷ್ಟವಾದ ಸಂಕೇತದಲ್ಲಿ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಬೇರ್ಪಡಿಸಿ, ಅವೆಲ್ಲ ಒಂದೇ ತೂಕ, ಒಂದೇ ಗಿರಕಿಯ ಕಪ್ಪುಕುಳಿಯವೇ ಎಂದು ತಾಳೆ ನೋಡಲಾಯಿತು. ಸಮೀಕರಣವನ್ನು ಅದರದೇ ಮಾತಿನ ಒಳಗೆ ಅಡ್ಡಪ್ರಶ್ನೆ ಮಾಡುವ ಈ ದಾರಿ ಸುತ್ತುವಾದದ ಆಕ್ಷೇಪಕ್ಕೆ ಹೆಚ್ಚು ಗಟ್ಟಿಯಾದ ಉತ್ತರ.

ಗಣಿತ ಪ್ರಕೃತಿಗೆ ಇಷ್ಟು ಚೆನ್ನಾಗಿ ಒಗ್ಗುವುದೇಕೆ ಎಂಬ ಯೂಜೀನ್ ವಿಗ್ನರ್ ಅವರ 1960ರ ಪ್ರಬಂಧದ ಪ್ರಶ್ನೆಯನ್ನು ಈ ವಿಷಯದ ಎಲ್ಲ ಬರಹಗಳೂ ಎತ್ತುತ್ತವೆ. ಅದಕ್ಕೆ ಸಿಕ್ಕಿರುವ ಗೌರವ ಸ್ವಲ್ಪ ಹೆಚ್ಚೇ ಆಯಿತೆಂದು ನನ್ನ ಭಾವನೆ. ಒಗ್ಗದೇ ಹೋದ ಸುಂದರ ಗಣಿತದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಗ್ರಹಗಳ ಕಕ್ಷೆಗಳನ್ನು ಐದು ನಿಯಮಿತ ಬಹುಮುಖ ಘನಾಕೃತಿಗಳ ನಡುವೆ ಕೂರಿಸಿದ ಕೆಪ್ಲರ್ ಅವರ 1596ರ ಕನಸು, ಪರಮಾಣುವೆಂದರೆ ಈಥರಿನಲ್ಲಿ ಬಿದ್ದ ಸುಳಿಯ ಗಂಟು ಎಂಬ ಕೆಲ್ವಿನ್ ಅವರ 1867ರ ಸಿದ್ಧಾಂತ, ಎರಡೂ ಗಣಿತವಾಗಿ ಚೆಲುವಾಗಿದ್ದವು. ಇತ್ತೀಚೆಗೆ ಜಿನೀವಾದ ಬೃಹತ್ ಕಣಘರ್ಷಕ ಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು, ಅದರ ಜೊತೆಗೇ ಸಿಗಬೇಕೆಂದು ಅನೇಕರು ನೆಚ್ಚಿದ್ದ ಸೂಪರ್‌ಸಿಮೆಟ್ರಿಯ ಕಣಗಳು ಸಿಗಲಿಲ್ಲ. ಸ್ಟ್ರಿಂಗ್ ಸಿದ್ಧಾಂತ 1ರ ಮುಂದೆ 500 ಸೊನ್ನೆಯಷ್ಟು ಜಗತ್ತುಗಳಿಗೆ ಅವಕಾಶ ಕೊಡುತ್ತದೆಂಬ ಅಂದಾಜು ಬಂದ ಮೇಲೆ, ಪ್ರಯೋಗವಿಲ್ಲದೆಯೂ ಸಿದ್ಧಾಂತವನ್ನು ನಂಬಲು ಕಾರಣಗಳಿರಬಹುದೇ ಎಂದು ಭೌತವಿಜ್ಞಾನಿಗಳೂ ತತ್ತ್ವಶಾಸ್ತ್ರಜ್ಞರೂ 2015ರ ಡಿಸೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಕೂತು ವಾದಿಸಿದರು. ಒಮ್ಮತ ಮೂಡಲಿಲ್ಲ, ಮೂಡುವ ನಿರೀಕ್ಷೆಯೂ ಇರಲಿಲ್ಲ.

ಅದಕ್ಕಿಂತ ಬಿಸಿಯಾದ ವಾದ ಒಂದೇ ಒಂದು ಗ್ರೀಕ್ ಅಕ್ಷರದ ಸುತ್ತ ನಡೆದಿದೆ. ಐನ್‌ಸ್ಟೈನ್ 1917ರಲ್ಲಿ, ಬ್ರಹ್ಮಾಂಡ ನಿಶ್ಚಲವಾಗಿರಲೆಂದು ತಮ್ಮ ಸಮೀಕರಣದ ಎಡಪಕ್ಷಕ್ಕೆ ಲ್ಯಾಮ್ಡ ಎಂಬ ಪದ ಸೇರಿಸಿದರು. ನಿಶ್ಚಲವಾಗಿರಬೇಕಿಲ್ಲ ಎಂದು ಫ್ರೀಡ್‌ಮನ್ 1922ರಲ್ಲಿ ಲೆಕ್ಕದಿಂದ, ಹಬಲ್ 1929ರಲ್ಲಿ ದೂರದರ್ಶಕದಿಂದ ತೋರಿಸಿದ ಮೇಲೆ ಅದನ್ನು ತೆಗೆದುಹಾಕಿದರು. ಬ್ರಹ್ಮಾಂಡದ ಹಿಗ್ಗುವಿಕೆ ವೇಗ ಪಡೆಯುತ್ತಿದೆಯೆಂದು 1998ರಲ್ಲಿ ಸೂಪರ್‌ನೋವಾಗಳಿಂದ ಗೊತ್ತಾದಾಗ ಲ್ಯಾಮ್ಡ ಮರಳಿ ಬಂತು. ಎಡಗಡೆ ಇರುವಾಗ ಅದು ಆಕಾಶದ ಜ್ಯಾಮಿತಿಯದೇ ಒಂದು ಗುಣ, ಗುರುತ್ವದ ನಿಯತಾಂಕದ ಹಾಗೆ ಇನ್ನೊಂದು ನಿಯತಾಂಕ. ಪಕ್ಷಾಂತರ ಮಾಡಿ ಚಿಹ್ನೆ ಬದಲಿಸಿ ಬಲಗಡೆಗೆ ತಂದರೆ (ನಮ್ಮ ರಾಜಕಾರಣಕ್ಕಿಂತ ಇಲ್ಲಿ ಇದು ಸುಲಭ) ಅದು ಆಕಾಶವನ್ನು ತುಂಬಿರುವ ಒಂದು ಶಕ್ತಿ, ಬ್ರಹ್ಮಾಂಡದ ಒಟ್ಟು ಲೆಕ್ಕದಲ್ಲಿ ಸುಮಾರು ನೂರಕ್ಕೆ 70. ಹಾಗಾದರೆ ಕ್ವಾಂಟಮ್ ಶೂನ್ಯದ ಶಕ್ತಿಯೇ ಅದಿರಬೇಕು ಎಂದು ಒರಟಾಗಿ ಲೆಕ್ಕ ಹಾಕಿದರೆ ಕಂಡದ್ದಕ್ಕಿಂತ 1ರ ಮುಂದೆ 120 ಸೊನ್ನೆಯಷ್ಟು ಪಟ್ಟು ಹೆಚ್ಚು ಬರುತ್ತದೆ. ಎಡಗಡೆಯೇ ಇರಲಿ, ಅದಕ್ಕೇಕೆ ಭೌತಿಕ ಕಾರಣ ಹುಡುಕುತ್ತೀರಿ ಎನ್ನುವವರಿಗೆ ಈ ತಲೆನೋವಿಲ್ಲ ಎಂದೇನಲ್ಲ. ಶೂನ್ಯದ ಶಕ್ತಿ ಎಲ್ಲಿ ಹೋಯಿತೆಂದು ಅವರೂ ಹೇಳಬೇಕಾಗುತ್ತದೆ.

ಗಣಿತಕ್ಕೆ ಎರಡೂ ಬರವಣಿಗೆ ಒಂದೇ, ಯಾವ ವೀಕ್ಷಣೆಯೂ ಅವೆರಡನ್ನು ಬೇರ್ಪಡಿಸದು ಎಂದು ಬಹುಕಾಲ ಹೇಳಿಕೊಂಡು ಬಂದಿದ್ದೇವೆ. ಅದು ಲ್ಯಾಮ್ಡ ಕಾಲದೊಡನೆ ಬದಲಾಗದಿದ್ದರೆ ಮಾತ್ರ ನಿಜ. ಎಡಗಡೆಯ ಜ್ಯಾಮಿತಿ ಎಷ್ಟು ಬಿಗಿಯಾಗಿ ಹೆಣೆದಿದೆಯೆಂದರೆ ಅಲ್ಲಿ ಕುಳಿತ ಲ್ಯಾಮ್ಡ ಬದಲಾಗುವಂತೆಯೇ ಇಲ್ಲ. ಬದಲಾದರೆ ದ್ರವ್ಯ ಮತ್ತು ಶಕ್ತಿಯ ಸಂರಕ್ಷಣೆಯ ಲೆಕ್ಕ ತಪ್ಪುತ್ತದೆ. ಬದಲಾಗುವ ಲ್ಯಾಮ್ಡ ಬಲಗಡೆಗೇ ಬರಬೇಕು, ತನ್ನದೇ ಸಮೀಕರಣವಿರುವ ಒಂದು ಕ್ಷೇತ್ರವಾಗಿ. ಅರಿಜೋನಾದ ಕಿಟ್ ಪೀಕ್‌ನಲ್ಲಿ 4 ಮೀಟರ್ ದೂರದರ್ಶಕಕ್ಕೆ ಜೋಡಿಸಿದ 5,000 ಬೆಳಕಿನ ತಂತುಗಳಿಂದ ಗೆಲಾಕ್ಸಿಗಳ ದೂರ ಅಳೆಯುತ್ತಿರುವ ಡೆಸಿ ಯೋಜನೆ, 2024ರ ಏಪ್ರಿಲ್‌ನಲ್ಲಿ ಒಮ್ಮೆ, 2025ರ ಮಾರ್ಚ್‌ನಲ್ಲಿ ಇನ್ನೊಮ್ಮೆ, ಈ ಶಕ್ತಿ ಕಾಲದೊಡನೆ ಕುಗ್ಗುತ್ತಿರಬಹುದೆಂಬ ಸುಳಿವು ಕೊಟ್ಟಿದೆ. ಶೋಧವೆಂದು ಸಾರಲು ಬೇಕಾದ ಐದು ಸಿಗ್ಮಾ ಮಟ್ಟವನ್ನು ಅದು ಮುಟ್ಟಿಲ್ಲ, ಯಾವ ಸೂಪರ್‌ನೋವಾ ಪಟ್ಟಿಯನ್ನು ಜೊತೆಗೆ ಸೇರಿಸುತ್ತೇವೆ ಎಂಬುದರ ಮೇಲೆ ಸುಳಿವಿನ ಬಲವೂ ಏರಿಳಿಯುತ್ತದೆ. ಸುಳಿವು ನಿಂತರೆ, ಇಷ್ಟು ದಿನ ಬರವಣಿಗೆಯ ಶೈಲಿ ಎನಿಸಿದ್ದ ಎಡ ಬಲಗಳ ಆಯ್ಕೆಯನ್ನು ಗೆಲಾಕ್ಸಿಗಳ ದೂರದ ಪಟ್ಟಿಯೇ ಮಾಡಿಬಿಟ್ಟಂತಾಗುತ್ತದೆ.